ಕಾಫಿ ಹುರಿಯೋದೇ ನನ್ನ ಕೆಲಸ, ಈಗ ಕಾಫಿ ವಾಸನೆಯೇ ಕೊಳೆತ ನಾತ. ಕೋವಿಡ್ ಬಂದು ಹೋಗಿ 15 ತಿಂಗಳಾಯ್ತು

ಸುಂಟಿಕೊಪ್ಪದ ಪುಡಿ ಅಕ್ಕ – 9 ಆಗಸ್ಟ್ 2022

ಎಲ್ಲರಿಗೂ ನಮಸ್ಕಾರ. ನನಗೆ ವಯಸ್ಸು 46, ಊರು ಸುಂಟಿಕೊಪ್ಪದ ಹತ್ತಿರ. ನಮ್ಮದು ನಾಲ್ಕೂವರೆ ಎಕರೆ ತೋಟ. ಅದರಲ್ಲೇ ಸಂಸಾರ ನಡೆಯಲ್ಲ ಅಂತ ಹನ್ನೊಂದು ವರ್ಷದಿಂದ ಮನೆ ಹಿಂದಿನ ಶೆಡ್ಡಿನಲ್ಲಿ ಕಾಫಿ ಹುರಿದು ಪುಡಿ ಮಾಡಿ ಮಾರ್ತೀನಿ. ವಾರಕ್ಕೆ ಮೂವತ್ತು ನಲವತ್ತು ಕೆ.ಜಿ. ಹೋಗುತ್ತೆ. ಮಡಿಕೇರಿ, ಕುಶಾಲನಗರದಲ್ಲಿ ಖಾಯಂ ಮನೆಗಳಿವೆ, ಬೆಂಗಳೂರಿಗೂ ಬಸ್ಸಿನಲ್ಲಿ ಹಾಕ್ತೀನಿ.

2021ರ ಮೇ ತಿಂಗಳಲ್ಲಿ ಮನೆಮಂದಿಗೆಲ್ಲ ಕೋವಿಡ್ ಬಂತು. ನನಗೆ ಐದು ದಿನ ಜ್ವರ, ಮೈಕೈ ನೋವು, ಅಷ್ಟೇ. ಆಮ್ಲಜನಕ 95ಕ್ಕಿಂತ ಕೆಳಗೆ ಇಳೀಲಿಲ್ಲ, ಆಸ್ಪತ್ರೆಗೆ ಸೇರೋ ಪ್ರಮೇಯ ಬರಲಿಲ್ಲ. ವಾಸನೆ ಹೋಗಿತ್ತು, ಎಲ್ಲರಿಗೂ ಹೋಗುತ್ತಲ್ಲ ಅಂತ ತಲೆ ಕೆಡಿಸ್ಕೊಳ್ಳಲಿಲ್ಲ. ಮೂರು ವಾರಕ್ಕೆ ಅರ್ಧಂಬರ್ಧ ಬಂತು ಕೂಡ.

ಜುಲೈ ಕೊನೆಯಲ್ಲಿ ಒಂದು ಬೆಳಿಗ್ಗೆ ಫಿಲ್ಟರ್ ಮುಚ್ಚಳ ತೆಗೆದೆ. ಸುಟ್ಟ ರಬ್ಬರಿಗೆ ಹಳಸಿದ ಮಾಂಸ ಸೇರಿಸಿದ ಹಾಗೆ ಏನೋ ಮುಖಕ್ಕೆ ಹೊಡೀತು. ಅಟ್ಟದಲ್ಲಿ ಇಲಿ ಸತ್ತಿದೆ ಅಂದುಕೊಂಡೆ. ಸ್ಟೂಲ್ ಹಾಕ್ಕೊಂಡು ಹತ್ತಿ, ಅಕ್ಕಿ ಡಬ್ಬ, ಹಳೇ ಪಾತ್ರೆ ಎಲ್ಲ ಸರಿಸಿ ನೋಡಿದೆ. ಏನೂ ಇರಲಿಲ್ಲ. ಡಿಕಾಕ್ಷನ್ ಚೆಲ್ಲಿದೆ, ಫಿಲ್ಟರನ್ನ ಹುಣಸೆಹಣ್ಣು ಹಾಕಿ ಉಜ್ಜಿ, ಹಿಂದಿನ ದಿನ ತಾನೇ ಬೀಸಿದ್ದ ಪುಡಿ ಹಾಕಿ ಮತ್ತೆ ಇಳಿಸಿದೆ. ಅದೇ ನಾತ. ನಮ್ಮವರನ್ನ ಕರೆದು ಮೂಸಿ ನೋಡಿ ಅಂದೆ. ಅವರು ಒಂದು ಲೋಟ ಕುಡಿದು, ಚೆನ್ನಾಗೇ ಇದೆಯಲ್ಲ ಅಂದರು.

ಅವತ್ತಿಂದ ಇವತ್ತಿನವರೆಗೆ ಹಾಗೇ ಇದೆ. ಕಾಫಿ ಒಂದೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿ ಒಗ್ಗರಣೆ, ಮೊಟ್ಟೆ, ಕೋಳಿ, ಪಂದಿ (ಹಂದಿ ಮಾಂಸ) ಎಲ್ಲಕ್ಕೂ ಅದೇ ಒಂದು ನಾತ. ಪೇಸ್ಟು ಬಾಯಿಗಿಟ್ಟರೆ ವಾಕರಿಕೆ. ನನ್ನ ಮೈ ಬೆವರೂ ಹಾಗೇ ಅನ್ನಿಸಿ ದಿನಕ್ಕೆ ಎರಡು ಸಲ ಸ್ನಾನ ಮಾಡ್ತೀನಿ. ಮಜ್ಜಿಗೆ ಅನ್ನ, ಬಾಳೆಹಣ್ಣು ತಿಂದ್ಕೊಂಡು ಇದ್ದೀನಿ. 61 ಕೆ.ಜಿ. ಇದ್ದವಳು 52ಕ್ಕೆ ಇಳಿದಿದ್ದೀನಿ.

ಹುರಿಯೋ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಡ್ರಮ್ಮಿನಲ್ಲಿ ಬೀಜ ಮೊದಲು ಹಸಿ ಹುಲ್ಲಿನ ಹಾಗೆ ವಾಸನೆ ಬರುತ್ತೆ, ಆಮೇಲೆ ಗೋಧಿ ಹುರಿದ ಹಾಗೆ. ಚಟಪಟ ಅಂತ ಸಿಡಿಯೋಕೆ ಶುರುವಾದ ಮೇಲೆ ವಾಸನೆ ಸಿಹಿಗೆ ತಿರುಗುತ್ತೆ. ಆ ಸಿಹಿ ಇನ್ನೇನು ಕಹಿಗೆ ಹೊರಳಬೇಕು ಅನ್ನುವಾಗ ಇಳಿಸಿ ತಟ್ಟೆಗೆ ಸುರೀಬೇಕು. ಅಲ್ಲಿರೋದು ಅರ್ಧ ನಿಮಿಷ. ಆ ಅರ್ಧ ನಿಮಿಷವನ್ನ ನನ್ನ ಮೂಗು ಹೇಳ್ತಿತ್ತು, ಗಡಿಯಾರ ನೋಡಿದವಳೇ ಅಲ್ಲ ನಾನು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಮೂರು ಕೆ.ಜಿ. ಪೀಬರಿ (ಒಂಟಿ ಬೀಜದ ಕಾಫಿ) ಇದ್ದಿಲಾಯ್ತು. ಹೊಗೆ ಕಣ್ಣಿಗೆ ಉರಿ ಕೊಟ್ಟಾಗಲೇ ಗೊತ್ತಾಗಿದ್ದು. ಈಗ ಪಿಯುಸಿ ಓದೋ ಮಗಳು ಪಕ್ಕದಲ್ಲಿ ಕೂತ್ಕೊಂಡು "ಅಮ್ಮ, ಈಗ" ಅಂತಾಳೆ, ನಾನು ಇಳಿಸ್ತೀನಿ. ಪರೀಕ್ಷೆ ಇದ್ದರೆ ಆ ವಾರ ಹುರಿಯೋದೇ ಇಲ್ಲ.

ಮಾರ್ಚಿನಲ್ಲಿ ಹೂ ಮಳೆ ಚೆನ್ನಾಗಿ ಬಂತು. ಎಂಟೊಂಬತ್ತು ದಿನಕ್ಕೆ ತೋಟ ತುಂಬ ಕಾಫಿ ಹೂ. ಬೆಳಿಗ್ಗೆ ಆರು ಗಂಟೆಗೆ ಹೋಗಿ ಗಿಡಗಳ ಮಧ್ಯ ನಿಂತೆ. ಬೆಳ್ಳಗೆ ಕಾಣಿಸ್ತಿತ್ತು, ಜೇನು ಗುಂಯ್ ಅನ್ನೋದು ಕೇಳಿಸ್ತಿತ್ತು, ವಾಸನೆ ಮಾತ್ರ ಇಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಒಂದು ವರ್ಷವೂ ಹೀಗಾಗಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ಹೋದ ವಾರ ಆಟಿ ಹದಿನೆಂಟು, ಅಂದ್ರೆ ಆಟಿ ತಿಂಗಳ ಹದಿನೆಂಟನೇ ದಿನ, ನಮ್ಮಲ್ಲಿ ಮದ್ದು ಸೊಪ್ಪು ಬೇಯಿಸೋ ದಿನ. ಮದ್ದು ಸೊಪ್ಪು ಕುದಿಸ್ತಿದ್ದೆ, ಪಾತ್ರೆಯಲ್ಲಿ ನೀರು ನೇರಳೆ ಬಣ್ಣಕ್ಕೆ ತಿರುಗೋದು ಕಾಣಿಸ್ತಿದೆ, ಜಗಲಿಯಲ್ಲಿ ಕೂತಿದ್ದ ಅತ್ತೆ "ಓ, ಘಮ ಬಂತು" ಅಂತಿದ್ದಾರೆ. ನನಗೆ ಬಿಸಿನೀರಿನ ಹಬೆ ಅಷ್ಟೇ.

ಮೂರು ಕಡೆ ತೋರಿಸಿದೆ. ಒಬ್ಬರು ವಿಟಮಿನ್ ಕೊಟ್ಟರು. ಇನ್ನೊಂದು ಕಡೆ ಸ್ಟೀರಾಯ್ಡ್ ಗುಳಿಗೆ ಕೊಟ್ಟರು, ಹತ್ತು ದಿನ ನುಂಗಿ ಮುಖ ಊದಿದ್ದಷ್ಟೇ ಬಂತು. ಮೂರನೆಯವರು ನಾನು ಹೇಳಿ ಮುಗಿಸೋ ಮೊದಲೇ ನಿದ್ರೆ ಮಾತ್ರೆ ಬರೆದರು, ಎಲ್ಲ ಮನಸ್ಸಿನದು ಅಂತ. ಮನಸ್ಸಿನದಾಗಿದ್ದರೆ ನಾನು ತಿಂಗಳುಗಟ್ಟಲೆ ಉಪವಾಸ ಬೀಳ್ತಿದ್ದೆನಾ?

ಇನ್ನೊಂದು ವಿಷಯ, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಡ್ರಮ್ಮಿನ ಮುಂದೆ ಹತ್ತು ನಿಮಿಷ ನಿಂತರೆ ಎದೆ ಡವಡವ ಅನ್ನುತ್ತೆ. ಹೆಚ್ಚು ಕೆಲಸ ಮಾಡಿದ ಮಾರನೇ ದಿನ ಎದ್ದೇಳೋಕೇ ಆಗಲ್ಲ.

ಯಾರಿಗಾದರೂ ಹೀಗಾಗಿ ಸರಿಹೋಗಿದೆಯಾ? ಎಷ್ಟು ದಿನ ಹಿಡೀತು? ನಾನು ಹುರಿಯೋ ಕೆಲಸ ಬಿಡಬೇಕಾ? ಡ್ರಮ್ ಕೊಂಡುಕೊಳ್ಳೋರು ಕೇಳ್ತಿದ್ದಾರೆ.

ನಾಪೋಕ್ಲು ರೈಟರ್ – 9 ಆಗಸ್ಟ್ 2022

ಅಕ್ಕ, ಮೂಗಿನ ವಿಷಯ ನನಗೆ ಗೊತ್ತಿಲ್ಲ. ನೀವು ಕೊನೆಯಲ್ಲಿ ಎದೆ ಡವಡವ, ಮಾರನೇ ದಿನದ ಸುಸ್ತು ಎಂದು ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನಾನು ಎಸ್ಟೇಟಿನಲ್ಲಿ ರೈಟರ್, ಎಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ನನಗೂ 2021ರ ಮೇನಲ್ಲೇ ಬಂದದ್ದು. ಡಿಸೆಂಬರಿನಲ್ಲಿ ಅರೇಬಿಕಾ ಕುಯ್ಲು ಶುರುವಾಯಿತು. ಸಂಜೆ ತೂಕ ಹಾಕಲು ಕಣದಿಂದ ಮೇಲಿನ ಬ್ಲಾಕಿಗೆ ಹತ್ತಿದೆ, ಇಳಿದೆ, ಲೆಕ್ಕ ಬರೆದೆ. ಆ ದಿನ ಏನೂ ಆಗಲಿಲ್ಲ. ಮಾರನೇ ದಿನವೂ ಪರವಾಗಿಲ್ಲ. ಅದರ ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಕೈ ಎತ್ತಲು ಆಗಲಿಲ್ಲ, ಆಳುಗಳ ಹೆಸರು ನೆನಪಾಗುತ್ತಿಲ್ಲ. ಇಪ್ಪತ್ತು ವರ್ಷದಿಂದ ಕರೆಯುತ್ತಿರುವ ಹೆಸರುಗಳು. ಮೂರು ದಿನ ಮಲಗಿದೆ. ಸ್ವಲ್ಪ ಸುಧಾರಿಸಿದ ಕೂಡಲೇ ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಹೀಗೇ ನಾಲ್ಕು ಸಲ.

ಕೊನೆಗೆ ಮೈಸೂರಿನಲ್ಲಿ ಒಬ್ಬ ಡಾಕ್ಟರು ಮಲಗಿಸಿ ನಾಡಿ ನೋಡಿದರು, 74. ಗೋಡೆಗೆ ಒರಗಿಸಿ ಹತ್ತು ನಿಮಿಷ ನಿಲ್ಲಿಸಿದರು, 112. ಬಿಪಿ ಇಳಿದಿರಲಿಲ್ಲ. ನಿಂತಾಗ 30ಕ್ಕಿಂತ ಹೆಚ್ಚು ಏರಬಾರದಂತೆ. ವೈರಸ್ ಬಂದು ಹೋದ ಮೇಲೆ ನಾಡಿ, ರಕ್ತದೊತ್ತಡ ನೋಡಿಕೊಳ್ಳುವ ನರಗಳು ಹಳಿ ತಪ್ಪಿರುತ್ತವೆ ಎಂದರು. ಅವರು ಹೇಳಿದ ಒಂದು ಮಾತನ್ನು ನಾನು ಹಾಜರಿ ಪುಸ್ತಕದ ರಟ್ಟಿನ ಮೇಲೆ ಬರೆದಿಟ್ಟಿದ್ದೇನೆ: "ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮೊದಲು ಕೂರುವುದು." ನಮ್ಮಂಥವರಿಗೆ ಇದು ಕಷ್ಟ. ಜ್ವರ ಬಿಟ್ಟ ಮಾರನೇ ದಿನವೇ ತೋಟಕ್ಕೆ ಇಳಿದು ಅಭ್ಯಾಸ. ಆದರೆ ಈ ಕಾಯಿಲೆಯಲ್ಲಿ ಹಠ ಮಾಡಿ ಮೈ ಬಗ್ಗಿಸಿದಷ್ಟೂ ಹಿಂದಕ್ಕೆ ಹೋಗುತ್ತೇವೆ.

ನಮ್ಮ ಊರಿಗೆ ಇದು ಹೊಸದೂ ಅಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ನಮ್ಮ ಅವ್ವನಿಗೆ ಜ್ವರ ಇದ್ದದ್ದು ಒಂದು ವಾರ, ಮಣಿಕಟ್ಟಿನ ನೋವು ಇದ್ದದ್ದು ಎರಡು ವರ್ಷ. ಆಗ ಯಾರೂ ಮನಸ್ಸಿನದು ಎನ್ನಲಿಲ್ಲ, ಗಂಟು ಊದಿದ್ದು ಕಣ್ಣಿಗೆ ಕಾಣುತ್ತಿತ್ತು. ನಿಮ್ಮದು, ನನ್ನದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ಸ್ಟೂಲ್ ಹಾಕಿಕೊಂಡು ಕೂತು ಹುರಿಯಿರಿ. ಡ್ರಮ್ ಮಾರಬೇಡಿ.

ಕಗ್ಗೋಡ್ಲು ಮನೆ – 10 ಆಗಸ್ಟ್ 2022

ಅಕ್ಕ ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು. ಕಿತ್ತಳೆಹಣ್ಣನ್ನು ಸಿಪ್ಪೆ ಕಪ್ಪಾಗುವ ತನಕ ಬೆಂಕಿಯಲ್ಲಿ ಸುಟ್ಟು, ಒಳಗಿನ ತಿರುಳು ಬೆಲ್ಲದ ಜೊತೆ ತಿನ್ನಲು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ತಿಂದರು. ಸ್ವಲ್ಪ ದಿನದಲ್ಲಿ ವಾಸನೆ ಬಂತು. ಮಾಡಿ ನೋಡಿ, ಕಳಕೊಳ್ಳುವುದೇನೂ ಇಲ್ಲವಲ್ಲ.

ಸೋಮವಾರಪೇಟೆ ಇಎನ್‌ಟಿ – 11 ಆಗಸ್ಟ್ 2022

ನಾನು ಸೋಮವಾರಪೇಟೆ ಕಡೆಯವನು, ಮೈಸೂರಿನಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯ. ನೋಡದೆ ಚಿಕಿತ್ಸೆ ಹೇಳಲಾರೆ, ಆದರೆ ನೀವು ಬರೆದಿರುವುದಕ್ಕೆ ಹೆಸರಿದೆ: ಪರೋಸ್ಮಿಯಾ, ವಾಸನೆ ತಿರುಚಿಕೊಳ್ಳುವುದು. ಕೋವಿಡ್ಡಿಗಿಂತ ಮೊದಲೂ ನೆಗಡಿ, ಫ್ಲೂ ಆದ ಮೇಲೆ ಕೆಲವರಿಗೆ ಆಗುತ್ತಿತ್ತು. ನಿಮಗೆ ಹುಚ್ಚೂ ಇಲ್ಲ, ನಾಟಕವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲೇ ಕೋವಿಡ್ ನಂತರದ ತೊಂದರೆಗೆ ವ್ಯಾಖ್ಯೆ ಕೊಟ್ಟಿದೆ. ಸೋಂಕು ತಗುಲಿದ ಮೂರು ತಿಂಗಳ ಹೊತ್ತಿಗೆ ಇದ್ದು, ಕನಿಷ್ಠ ಎರಡು ತಿಂಗಳು ಉಳಿದು, ಬೇರೆ ಕಾರಣ ಸಿಗದ ಲಕ್ಷಣಗಳು ಅದರಲ್ಲಿ ಬರುತ್ತವೆ. ಸೋಂಕು ಸೌಮ್ಯವಾಗಿದ್ದವರಿಗೂ ಬರುತ್ತದೆ.

ಮೂಗಿನ ಒಳಗೆ ಮೇಲ್ಛಾವಣಿಯಲ್ಲಿ ವಾಸನೆಯ ನರಕೋಶಗಳಿವೆ. ವೈರಸ್ ಮುಖ್ಯವಾಗಿ ಹೊಡೆಯುವುದು ಅವುಗಳಿಗೆ ಆಸರೆಯಾಗಿ ನಿಂತ ಕೋಶಗಳಿಗೆ. ಆಸರೆ ಹೋದ ಮೇಲೆ ನರಕೋಶಗಳೂ ಸಾಯುತ್ತವೆ. ಅದೃಷ್ಟಕ್ಕೆ ಇವು ಮತ್ತೆ ಹುಟ್ಟುವ ಜಾತಿಯವು. ಆದರೆ ಹೊಸ ನರದ ಎಳೆ ಮೂಳೆಯ ಸಣ್ಣ ತೂತುಗಳ ಮೂಲಕ ಮೇಲೆ ಹೋಗಿ ಮಿದುಳಿನಲ್ಲಿ ತನ್ನದೇ ಜಾಗಕ್ಕೆ ಸೇರಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ತಂತಿಗಳೆಲ್ಲ ತುಂಡಾದಾಗ, ಮೊದಲ ದಿನ ಒಂದೆರಡು ಮನೆಗೆ ಮಾತ್ರ ಬರುತ್ತದಲ್ಲ, ಅದೂ ಮಿಣುಕು ಮಿಣುಕು, ಹಾಗೆ. ಕಾಫಿಯಲ್ಲಿ ನೂರಾರು ವಾಸನೆಯ ಅಂಶಗಳಿವೆ. ಅವೆಲ್ಲ ಒಟ್ಟಿಗೆ ಮುಟ್ಟಿದರೆ ಅದು ಕಾಫಿ. ನಾಲ್ಕೇ ನಾಲ್ಕು ಮುಟ್ಟಿದರೆ ಮಿದುಳಿಗೆ ಅದು ಕೊಳೆತ ವಸ್ತು.

ಕಾಫಿಯೇ ಯಾಕೆ ಎಂದು ನಿಮಗೆ ಅನ್ನಿಸಿರಬಹುದು. ಈ ವರ್ಷ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು ಕಾಫಿಯ ವಾಸನೆಯನ್ನು ಒಂದೊಂದಾಗಿ ಬಿಡಿಸಿ ಪರೋಸ್ಮಿಯಾ ಇರುವವರಿಗೆ ಮೂಸಲು ಕೊಟ್ಟರು. ಹೆಚ್ಚಿನವರು ಅಸಹ್ಯಪಟ್ಟದ್ದು 2-ಫ್ಯೂರಾನ್‌ಮೆಥೇನ್‌ಥಯೋಲ್ ಎಂಬ ಗಂಧಕ ಇರುವ ಅಂಶಕ್ಕೆ. ನಮಗೆಲ್ಲ ಹುರಿದ ಕಾಫಿಯ ಘಮ ಅನ್ನಿಸುವುದೂ ಅದೇ ಅಂಶ. ಎಳ್ಳಷ್ಟೇ ಇದ್ದರೂ ಮೂಗಿಗೆ ತಟ್ಟುವಷ್ಟು ತೀಕ್ಷ್ಣ. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಹುರಿದ ಮಾಂಸ ಇವುಗಳಲ್ಲೂ ಗಂಧಕದ ಅಂಶಗಳೇ ಹೆಚ್ಚು. ನೀವು ಪಟ್ಟಿ ಮಾಡಿದ್ದೆಲ್ಲ ಒಂದೇ ಬಳಗ.

ಏನೂ ಬಾರದ ಮೂಗಿಗಿಂತ ತಪ್ಪು ವಾಸನೆ ಬರುವ ಮೂಗು ಎಷ್ಟೋ ವಾಸಿ. ನರ ಬೆಳೆಯುತ್ತಿದೆ ಎಂಬುದರ ಸೂಚನೆ ಅದು. ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ಎರಡು ವರ್ಷವೂ ಆಗಿದೆ.

ಮಾಡಬೇಕಾದದ್ದು ವಾಸನೆಯ ಅಭ್ಯಾಸ. 2009ರಲ್ಲಿ ಜರ್ಮನಿಯಲ್ಲಿ ಮೊದಲು ಪರೀಕ್ಷಿಸಿದ್ದು. ಅವರು ಬಳಸಿದ್ದು ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ದಿನಕ್ಕೆ ಎರಡು ಸಲ, ಒಂದೊಂದನ್ನೂ ಹತ್ತು ಹದಿನೈದು ಸೆಕೆಂಡು ಮೆಲ್ಲಗೆ ಮೂಸಬೇಕು. ಮೂಸುವಾಗ ಅದರ ಹಳೆಯ ವಾಸನೆಯನ್ನು ನೆನಪಿಗೆ ತಂದುಕೊಳ್ಳಬೇಕು, ಅದು ಮುಖ್ಯ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ. ಎಣ್ಣೆಯನ್ನು ಮೂಗಿನ ಒಳಗೆ ಹಾಕಬೇಡಿ. ಕಾಫಿಯನ್ನು ಸದ್ಯಕ್ಕೆ ಈ ಅಭ್ಯಾಸಕ್ಕೆ ಸೇರಿಸಬೇಡಿ. ಸ್ಟೀರಾಯ್ಡ್ ಗುಳಿಗೆ ಮತ್ತೆ ನೀವಾಗಿ ತೆಗೆದುಕೊಳ್ಳಬೇಡಿ. ಕಗ್ಗೋಡ್ಲಿನವರು ಹೇಳಿದ ಸುಟ್ಟ ಕಿತ್ತಳೆಗೆ ಆಧಾರವಿಲ್ಲ. ಅವರ ಚಿಕ್ಕಮ್ಮನಿಗೆ ವಾಸನೆ ತಾನಾಗಿ ಮರಳುವ ಹೊತ್ತೂ ಅದೇ ಆಗಿದ್ದಿರಬೇಕು. ಸುಡದ ಕಿತ್ತಳೆ ಸಿಪ್ಪೆ ಮೂಸಲು ಒಳ್ಳೆಯದು.

ಆದರೂ ಒಮ್ಮೆ ಮೂಗಿನ ಒಳಗೆ ಕ್ಯಾಮೆರಾ ಹಾಕಿ ನೋಡಿಸಲೇಬೇಕು, ದುರ್ಮಾಂಸ, ಸೈನಸ್ಸಿನ ಸೋಂಕು ಇಲ್ಲವೆಂದು ಖಚಿತವಾಗಲು. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ ಕೇಳಿ. ಒಂಬತ್ತು ಕೆ.ಜಿ. ಇಳಿದಿದೆ ಎಂದಿರಿ, ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಎದೆ ಬಡಿತಕ್ಕೆ ಇಸಿಜಿ ಮಾಡಿಸಿ, ರೈಟರ್ ಹೇಳಿದ ನಿಲ್ಲುವ ಪರೀಕ್ಷೆಯನ್ನೂ ಕೇಳಿ. ಎದೆನೋವು, ಕೂತಲ್ಲೇ ಏದುಸಿರು, ತಲೆ ತಿರುಗಿ ಬೀಳುವುದು ಇದ್ದರೆ ನಾಳೆಗೆ ತಳ್ಳಬೇಡಿ.

ವಿರಾಜಪೇಟೆ ಟೀಚರ್ – 11 ಆಗಸ್ಟ್ 2022

ಅಕ್ಕ, ನನಗೆ ಸರಿಹೋಗಿದೆ! ಅದನ್ನ ಮೊದಲು ಹೇಳಿಬಿಡ್ತೀನಿ.

2020ರ ಸೆಪ್ಟೆಂಬರಿನಲ್ಲಿ ಹೋದದ್ದು, ಡಿಸೆಂಬರಿನಲ್ಲಿ ತಿರುಚಿಕೊಂಡಿತು, ನೆಟ್ಟಗೆ ಆಗಿದ್ದು ಈ ವರ್ಷ ಏಪ್ರಿಲಿನಲ್ಲಿ. ಒಂದೇ ದಿನ ಬರಲಿಲ್ಲ. ಮೊದಲು ಏಲಕ್ಕಿ, ಆಮೇಲೆ ಸೋಪು, ಬಹಳ ಕೊನೆಗೆ ಕೋಳಿಸಾರು. ಈಗಲೂ ಮೊಟ್ಟೆ ಪೂರ್ತಿ ಸರಿಯಿಲ್ಲ.

ಊಟಕ್ಕೆ ನಾನು ಕಂಡುಕೊಂಡ ದಾರಿ: ಬಿಸಿ ಇದ್ದರೆ ಹಬೆಯ ಜೊತೆ ನಾತ ಏಳುತ್ತೆ, ಆರಿಸಿ ತಿನ್ನಿ. ಹುಳಿ, ಉಪ್ಪು, ಖಾರ ಇವೆಲ್ಲ ನಾಲಿಗೆಯ ಲೆಕ್ಕ, ಅವು ಕೆಟ್ಟಿರಲ್ಲ. ನಾನು ತಣ್ಣಗಿನ ಕಡುಬು ಮುರಿದು, ಬೇಯಿಸಿದ ಗೆಣಸಿಗೆ ಉಪ್ಪು ಖಾರ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ) ಎರಡು ಹನಿ ಹಾಕಿ ಕಲಸಿ ಅದರ ಜೊತೆ ತಿಂತಿದ್ದೆ. ಬಾಯಿ ಜುಮ್ ಅನ್ನೋದು, ಊಟ ಮಾಡಿದೆ ಅನ್ನಿಸೋದು. ಪನ್ನೀರು, ಹೆಸರುಕಾಳು, ಮೊಸರು ಬಿಡಬೇಡಿ, ಮೈಗೆ ಬಲ ಬೇಕಲ್ಲ.

ಗ್ಯಾಸ್ ಸಿಲಿಂಡರ್ ಎಚ್ಚರ. ಸೋರಿದರೆ ನಮ್ಮಂಥವರಿಗೆ ಗೊತ್ತೇ ಆಗಲ್ಲ, ಅದಕ್ಕೆ ಬೆರೆಸೋ ವಾಸನೆಯೂ ಗಂಧಕದ್ದೇ. ನಮ್ಮ ಮನೆಯಲ್ಲಿ ಸೋರಿದರೆ ಕೂಗೋ ಯಂತ್ರ ಹಾಕಿಸಿದ್ದೀವಿ.

ಸುಂಟಿಕೊಪ್ಪದ ಪುಡಿ ಅಕ್ಕ – 12 ಆಗಸ್ಟ್ 2022

ಟೀಚರ್, ನಿಮ್ಮ ಮೊದಲನೇ ಸಾಲನ್ನ ನಮ್ಮತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಡಾಕ್ಟ್ರು ಬರೆದದ್ದನ್ನ ಮಗಳು ಓದಿದಳು, ಎರಡು ಸಲ. ಗಂಧಕದ ಮಾತು ಬಂದಾಗ "ಹೌದಲ್ಲ ಅಮ್ಮ, ನೀನು ಹೇಳೋದೆಲ್ಲ ಅದೇ" ಅಂದಳು. ನಮ್ಮವರು ಏನೂ ಮಾತಾಡಲಿಲ್ಲ, ರಾತ್ರಿ ಒಗ್ಗರಣೆ ಸೌಟನ್ನ ಹೊರಗಿನ ಒಲೆಗೆ ತಗೊಂಡು ಹೋದರು. ಈ ಹದಿನೈದು ತಿಂಗಳಲ್ಲಿ ಯಾರೂ ಅಷ್ಟು ಮಾಡಿರಲಿಲ್ಲ.

ಗ್ಯಾಸಿನ ವಿಷಯ ಬರೆಯೋಕೆ ಭಯ ಆಗಿ ಬಿಟ್ಟಿದ್ದೆ. ಜೂನ್‌ನಲ್ಲಿ ಹಾಲು ಉಕ್ಕಿ ಒಲೆ ಆರಿತ್ತು, ನಾನು ಅಲ್ಲೇ ಎರಡು ಮಾರು ದೂರದಲ್ಲಿ ಪುಡಿ ಜರಡಿ ಹಿಡೀತಾ ಕೂತಿದ್ದೆ. ಶಾಲೆ ಮುಗಿಸಿ ಬಂದ ಮಗ ಬಾಗಿಲಲ್ಲೇ ಕಿರುಚಿದ. ಪಕ್ಕದಲ್ಲಿ ಡ್ರಮ್ ಉರೀತಾ ಇದ್ದಿದ್ದರೆ?

ಮುಂದಿನ ವಾರ ಮಡಿಕೇರಿಗೆ ಹೋಗ್ತೀನಿ.

ನಾಪೋಕ್ಲು ರೈಟರ್ – 12 ಆಗಸ್ಟ್ 2022

ಹೋಗುವಾಗ ಒಂದು ಚೀಟಿಯಲ್ಲಿ ತಾರೀಖು ಸಮೇತ ಬರೆದುಕೊಂಡು ಹೋಗಿ ಅಕ್ಕ. ಯಾವತ್ತು ಜ್ವರ, ಯಾವತ್ತು ವಾಸನೆ ಹೋದದ್ದು, ಎಷ್ಟು ತೂಕ ಇಳಿದದ್ದು. ಬಾಯಲ್ಲಿ ಹೇಳಿದರೆ ಅರ್ಧಕ್ಕೆ ತಡೆಯುತ್ತಾರೆ, ಕಾಗದ ಕೊಟ್ಟರೆ ಓದುತ್ತಾರೆ. ಮಾರನೇ ದಿನಕ್ಕೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ಸುಂಟಿಕೊಪ್ಪದ ಪುಡಿ ಅಕ್ಕ – 4 ಡಿಸೆಂಬರ್ 2022

ಯಾರಾದರೂ ಇದನ್ನ ಹುಡುಕಿಕೊಂಡು ಬಂದರೆ ಅಂತ ಬರೀತಿದ್ದೀನಿ.

ಮೂಗಿನ ಒಳಗೆ ನೋಡಿದರು, ದುರ್ಮಾಂಸ ಏನೂ ಇಲ್ಲ. ಹಿಮೋಗ್ಲೋಬಿನ್ 9.4 ಇತ್ತು, ಅದಕ್ಕೆ ಕಬ್ಬಿಣದ ಮಾತ್ರೆ ಕೊಟ್ಟರು. ಮಲಗಿದಾಗ ನಾಡಿ 78, ನಿಂತ ಮೇಲೆ 104. ರೈಟರ್ ಹೇಳಿದಷ್ಟು ಏರಿಲ್ಲ. ರಕ್ತ ಕಮ್ಮಿ ಇದ್ದದ್ದೂ ಕಾರಣ ಇರಬಹುದು, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಈಗ ಕೂತೇ ಹುರೀತೀನಿ. ಹುರಿದ ಮಾರನೇ ದಿನ ಪುಡಿ ಬೀಸಲ್ಲ, ಒಂದು ದಿನ ಬಿಟ್ಟು ಬೀಸ್ತೀನಿ. ಹಾಗೆ ಮಾಡಿದ ಮೇಲೆ ಪೂರ್ತಿ ಮಲಗೋ ಹಾಗೆ ಆಗಿದ್ದು ಎರಡೇ ಸಲ. ತೂಕ 55 ಆಗಿದೆ.

ಬಾದಾಮಿ ಬಣ್ಣದ ನಾಲ್ಕು ಸಣ್ಣ ಬಾಟಲಿ ತಂದಿಟ್ಟುಕೊಂಡೆ. ಲವಂಗ ನಮ್ಮ ಮರದ್ದೇ. ಏಲಕ್ಕಿ, ನೀಲಗಿರಿ ಎಣ್ಣೆ ಅದ್ದಿದ ಹತ್ತಿ, ಕಿತ್ತಳೆ ಸಿಪ್ಪೆ. ಬೆಳಿಗ್ಗೆ ದೇವರ ದೀಪ ಹಚ್ಚುವ ಮೊದಲು, ರಾತ್ರಿ ಮಲಗುವ ಮೊದಲು. ಮೊದಲ ಎರಡು ತಿಂಗಳು ಬರೀ ಗಾಳಿ ಮೂಸಿದ ಹಾಗೆ. ನೀಲಗಿರಿ ತಣ್ಣಗೆ ಚುಚ್ಚುತ್ತಿತ್ತು, ವಾಸನೆ ಅಂತ ಇರಲಿಲ್ಲ. ಅಕ್ಟೋಬರ್ 27ಕ್ಕೆ, ದೀಪಾವಳಿ ಕಳೆದ ಮಾರನೇ ದಿನ, ಕಿತ್ತಳೆ ಬಾಟಲಿ ತೆಗೆದಾಗ ಮೂಗಿನ ತುದಿಯಲ್ಲಿ ಒಂದು ಕ್ಷಣ ಸಿಪ್ಪೆ ಸುಲಿದು ಕಣ್ಣಿಗೆ ಚಿಮುಕಿಸ್ತಿದ್ದ ಹಾಗೆ ಬಂತು. ಚಿಕ್ಕವಳಿದ್ದಾಗ ಅಣ್ಣ ಹಾಗೆ ಮಾಡ್ತಿದ್ದ. ಮುಚ್ಚಿ ಮತ್ತೆ ತೆಗೆದೆ, ಹೋಗಿತ್ತು. ಮಾರನೇ ದಿನ ಬಂತು. ಈಗ ದಿನವೂ ಬರುತ್ತೆ. ಲವಂಗ ಹತ್ತಕ್ಕೆ ನಾಲ್ಕು ಸಲ ಬರುತ್ತೆ.

ಕಾಫಿ ಇನ್ನೂ ಇಲ್ಲ. ಆದರೆ ಸತ್ತ ಇಲಿ ಅಲ್ಲ ಈಗ, ಸುಟ್ಟ ಕಾಗದದ ಹಾಗಿದೆ. ಹಾಲು ಜಾಸ್ತಿ ಹಾಕಿ ಪೂರ್ತಿ ಆರಿಸಿದರೆ ಅರ್ಧ ಲೋಟ ಕುಡೀತೀನಿ.

ಡ್ರಮ್ ಮಾರಲಿಲ್ಲ. ಬೀಜದ ಬಿಸಿ ತೋರಿಸೋ ಮೀಟರ್ ಹಾಕಿಸಿದ್ದೀನಿ. ಎಷ್ಟು ಡಿಗ್ರಿಗೆ ಸಿಡಿಯೋಕೆ ಶುರು, ಆಮೇಲೆ ಎಷ್ಟು ನಿಮಿಷಕ್ಕೆ ಇಳಿಸಿದ್ದು, ಎಲ್ಲ ಮಗಳು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಬರೀತಾಳೆ. ಕೊನೆಯ ಕಾಲಂ ಅವಳ ಮೂಗಿನದು: "ಸಿಹಿ", "ಸಿಹಿ ಜಾಸ್ತಿ", "ಸ್ವಲ್ಪ ಹೊಗೆ". ಮಡಿಕೇರಿಯ ಹಳೇ ಗಿರಾಕಿಯೊಬ್ಬರು ಪುಡಿ ಮೊದಲಿನ ಹಾಗೇ ಇದೆ ಅಂದರು. ನನಗೆ ಗೊತ್ತಾಗಲ್ಲ, ಅವರ ಮಾತನ್ನ ನಂಬಿದ್ದೀನಿ.

ಡಾಕ್ಟ್ರೇ, ಒಂದು ಕೇಳೋದಿತ್ತು. ಕಿತ್ತಳೆ ಈಗ ತೋಟದಲ್ಲಿದೆ, ಆಮೇಲೆ ಸಿಗಲ್ಲ. ಸಿಪ್ಪೆ ಒಣಗಿಸಿ ಇಟ್ಟುಕೊಂಡರೆ ನಡೆಯುತ್ತಾ, ಇಲ್ಲ ಹಸಿದೇ ಬೇಕಾ? ಮತ್ತೆ ಮಾರ್ಚಿನಲ್ಲಿ ಹೂ ಬಿಟ್ಟಾಗ ಕಾಫಿ ಹೂವನ್ನ ಐದನೇ ಬಾಟಲಿಗೆ ಸೇರಿಸಬಹುದಾ? ಹೂವಿನಲ್ಲಿ ಗಂಧಕ ಇರಲ್ಲ ಅಲ್ವಾ?